ಭಯಕ್ಕೆ ಕುರ್ಚಿ ಹಾಕಿದ ಭಾವ

ಒಂದು ಹಾಲುಹಲ್ಲು ಕೀಳಲು ಮುಕ್ಕಾಲು ಗಂಟೆ ತೆಗೆದುಕೊಳ್ಳುವ ದಂತವೈದ್ಯರು ಇಡೀ ಅಬುಧಾಬಿಯಲ್ಲಿ ಒಬ್ಬರೇ ಇದ್ದರು. ಅವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ಅವರ ಕೈ ನಿಧಾನವೆಂದು ಮಾತ್ರ ತಿಳಿಯಬೇಡಿ. ಹಲ್ಲಿನ ಕೆಲಸವನ್ನು ಅವರು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿಬಿಡುತ್ತಿದ್ದರು. ಉಳಿದ ಸಮಯವೆಲ್ಲ ಹಲ್ಲಿನ ಜೊತೆಗೆ ಬಂದಿರುತ್ತಿದ್ದ ಭಯವನ್ನು ಮಾತಾಡಿಸುವುದಕ್ಕೆ ಹೋಗುತ್ತಿತ್ತು!

ನಿಜವಾಗಿಯೂ ಮಾತಾಡಿಸುತ್ತಿದ್ದರು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಕ್ಯಾಮೆರಾ ಅಂಗಡಿಯೊಂದರ ಮೇಲಿದ್ದ ಆ ಕ್ಲಿನಿಕ್ಕಿಗೆ ಬರುವ ಮಕ್ಕಳಲ್ಲಿ ಮಲಯಾಳಿಗಳಿದ್ದರು, ಪಾಕಿಸ್ತಾನದವರಿದ್ದರು, ಸಿರಿಯಾ, ಈಜಿಪ್ಟಿನವರಿದ್ದರು. ನಮ್ಮ ಭಾವ ಧಾರವಾಡದವರು. ಯಾವ ಮಗು ಬಂದರೂ ಮೊದಲು ಬಾಯಿ ತೆರೆ ಎನ್ನುತ್ತಿರಲಿಲ್ಲ. ಭಯ ಎಲ್ಲಿ ಕೂತಿದೆ ತೋರಿಸು ಎನ್ನುತ್ತಿದ್ದರು. ಅರಬ್ಬೀ ಮಕ್ಕಳಿಗೆ 'ಖೌಫ್ ವೇನ್?' ಎಂದು ಕೇಳುತ್ತಿದ್ದರು. ವ್ಯಾಕರಣ ಹೇಗಿತ್ತೋ ದೇವರೇ ಬಲ್ಲ, ಆದರೆ ಮಕ್ಕಳಿಗೆ ಅರ್ಥವಾಗುತ್ತಿತ್ತು. ಒಬ್ಬ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದ, ಇನ್ನೊಬ್ಬಳು ಮೊಣಕಾಲು ತೋರಿಸುತ್ತಿದ್ದಳು. ಆಮೇಲೆ ಆ ಭಯಕ್ಕೆ ಕುರ್ಚಿ ಹಾಕಿ ಕೂರಿಸುವ ಕಾರ್ಯಕ್ರಮ. ಅದು ಅಲ್ಲಿ ಕೂತಿರಲಿ, ನಾವು ಇಲ್ಲಿ ನಮ್ಮ ಕೆಲಸ ಮಾಡೋಣ ಎಂಬ ಒಪ್ಪಂದ.

ಒಂದು ಸಂಜೆ ನಾನೇ ದವಡೆ ನೋವೆಂದು ಅಲ್ಲಿಗೆ ಹೋಗಿದ್ದೆ. ಕಾಲಿಡಲು ಜಾಗವಿಲ್ಲದಷ್ಟು ಜನ. ನಡುವೆ ಒಂದು ಕುರ್ಚಿ ಮಾತ್ರ ಖಾಲಿ. ಕಂದೂರವೆಂಬ ಬಿಳಿ ನಿಲುವಂಗಿ ತೊಟ್ಟ, ಬಾಗಿಲಿನಷ್ಟು ಅಗಲದ ಅರಬ್ಬೀ ಯಜಮಾನರೊಬ್ಬರು ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಬಂದು ಅದರ ಮೇಲೆ ಕೂರಲು ಬಗ್ಗಿದರು. ಪಕ್ಕದಲ್ಲಿದ್ದ ಒಂದು ಪುಟ್ಟ ಹುಡುಗಿ ಅರಬ್ಬೀಯಲ್ಲಿ ಏನೋ ಹೇಳಿದಳು. ಯಜಮಾನರು ಥಟ್ಟನೆ ನೆಟ್ಟಗಾದರು. ಅಲ್ಲಿ ಅವಳ ಭಯ ಕೂತಿದೆಯಂತೆ! ಅವರು ಬೈಯುತ್ತಾರೆಂದು ನಾನು ಕಾದೆ. ಅವರು ಆ ಖಾಲಿ ಕುರ್ಚಿಗೆ ಮರ್ಯಾದೆಯಿಂದ 'ಮಾಫಿ ಮುಷ್ಕಿಲ್', ಅಂದರೆ ಪರವಾಗಿಲ್ಲ, ಎಂದು ಹೇಳಿ ಗೋಡೆಗೊರಗಿ ನಿಂತರು. ತಮ್ಮ ಸರದಿ ಬಂದಾಗ ನರ್ಸಿನ ಹತ್ತಿರ ಮೆಲ್ಲಗೆ ವಿಚಾರಿಸಿದರು. ದೊಡ್ಡವರಿಗೂ ಇಂಥದ್ದೊಂದು ಕುರ್ಚಿ ಸಿಗುತ್ತದೆಯೇ ಎಂದು!

ಈಗ ಇದಕ್ಕೆಲ್ಲ ದೊಡ್ಡ ದೊಡ್ಡ ಇಂಗ್ಲಿಷ್ ಹೆಸರುಗಳಿವೆಯಂತೆ. ಶಾಲೆಗಳಲ್ಲಿ ಪೀರಿಯಡ್ಡುಗಳೇ ಇವೆಯಂತೆ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಆಗ ಅಕ್ಕನ ಮನೆಯೂ ನಮ್ಮ ಮನೆಯೂ ಇದ್ದ ಬಿಲ್ಡಿಂಗಿನಲ್ಲಿ ಇದಕ್ಕೆ ಇದ್ದದ್ದು ಒಂದೇ ಹೆಸರು, 'ಡಾಕ್ಟರ ಹುಚ್ಚು'.

ಈ ಹುಚ್ಚನ್ನು ನೋಡಿ ನಗುತ್ತಾ ನಾನು ಹಾಯಾಗಿಯೇ ಇರುತ್ತಿದ್ದೆ. ಆದರೆ ಅದರ ಮುಂದೆ ನಾನೇ ಕೈಯೊಡ್ಡಿ ನಿಲ್ಲುವ ಹಾಗೆ ಮಾಡಿದವಳು ನನ್ನ ಮಗಳು.

ಅವಳಿಗೆ ಆಗ ನಾಲ್ಕೂವರೆ ವರ್ಷ. ಮನೆಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಸ್ಕೂಲಿನ ಗೇಟು ದಾಟಿದರೆ ಬಾಯಿ ತೆರೆಯುತ್ತಿರಲಿಲ್ಲ. ಒಂದು ಮಾತಿಲ್ಲ, 'ಯೆಸ್ ಮಿಸ್' ಕೂಡ ಇಲ್ಲ. ಟೀಚರು ನನ್ನನ್ನೂ ನನ್ನ ಗಂಡನನ್ನೂ ಕರೆಸಿ, ಮಗುವಿಗೆ ಕಿವಿ ಕೇಳಿಸುತ್ತದೆಯೇ, ಮಾತು ಬರುತ್ತದೆಯೇ ಎಂದು ವಿಚಾರಿಸಿದರು. ನಮ್ಮವರಿಗೆ ಅವಮಾನವಾಯಿತು. ಮಗಳಿಗೆ ಮಾತು ಬರುತ್ತದೆಂದು ಸಾಬೀತು ಮಾಡಲು ಅವರು ಟೇಪ್ ರೆಕಾರ್ಡರನ್ನು ಸೋಫಾದ ಹಿಂದೆ ಬಚ್ಚಿಟ್ಟು ಅವಳ ಆಟದ ಮಾತುಗಳನ್ನು ರೆಕಾರ್ಡು ಮಾಡಿದರು. ಕ್ಯಾಸೆಟ್ಟನ್ನು ಮೊದಲು ತಾವೊಮ್ಮೆ ಕೇಳಬೇಕೋ ಬೇಡವೋ? ಸೀದಾ ಸ್ಕೂಲಿಗೆ ಒಯ್ದು ಟೀಚರ ಮುಂದೆಯೇ ಹಾಕಿದರು. ಕ್ಯಾಸೆಟ್ಟಿನಲ್ಲಿ ಅವಳು ತನ್ನ ಗೊಂಬೆಗಳಿಗೆ ಪಾಠ ಮಾಡುತ್ತಿದ್ದಳು. ಅದೇ ಟೀಚರ ಧ್ವನಿ, ಅದೇ ರಾಗ: 'ಕೀಪ್ ಕ್ವಯಟ್! ಐ ಸೆಡ್ ಕೀಪ್ ಕ್ವಯಟ್! ನೋ ಟಾಕಿಂಗ್!' ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನನ್ನ ಮಗಳು ಶಿಸ್ತಾಗಿ ಪಾಲಿಸುತ್ತಿದ್ದಳು, ಅಷ್ಟೆ. ಟೀಚರಿಗೆ ಮಾತ್ರ ಅದು ಹಾಗೆ ಕಾಣಲಿಲ್ಲ.

ವಿಷಯ ಸೂಪರ್‌ವೈಸರ್ ತನಕ ಹೋಯಿತು. ಅಲ್ಲಿ ಇಂಡಿಯನ್ ಸ್ಕೂಲಿನ ಸೀಟೆಂದರೆ ಸುಮ್ಮನೆ ಅಲ್ಲ. ಒಂದು ಮಗು ಬಿಟ್ಟರೆ ಹಿಡಿಯಲು ಹತ್ತು ಮಕ್ಕಳು ಕಾದಿರುತ್ತವೆ. ಮಾರ್ಚಿನಲ್ಲಿ ಮಗುವನ್ನು ಕರೆಸಿ ನೋಡುತ್ತೇವೆ, ಆಗಲೂ ಬಾಯಿ ಬಿಡದಿದ್ದರೆ ಕೆಜಿ ಟೂಗೆ ಸೇರಿಸಿಕೊಳ್ಳುವುದಿಲ್ಲ ಎಂದರು. ಹಾಗಾದರೆ ಮುಂದೇನು ಎಂಬುದು ಗಲ್ಫಿನಲ್ಲಿ ಎಲ್ಲರಿಗೂ ಗೊತ್ತು. ಹೆಂಡತಿ ಮಕ್ಕಳು ಊರಿಗೆ, ಗಂಡ ಬ್ಯಾಚುಲರ್ ರೂಮಿಗೆ. ನಾನೂ ಮಗಳೂ ಮೈಸೂರಿಗೆ, ನಮ್ಮವರು ಊರಾಚೆಯ ಮುಸಾಫಾದಲ್ಲಿ ನಾಲ್ಕು ಜನರ ಜೊತೆ ಒಂದು ಕೋಣೆಗೆ. ಶುಕ್ರವಾರಕ್ಕೊಮ್ಮೆ ಫೋನಿನಲ್ಲಿ ಅಪ್ಪ.

ಬಿಲ್ಡಿಂಗಿನಲ್ಲಿ ಸುದ್ದಿ ಹರಡಿದ ಮೇಲೆ ಕೇಳಬೇಕೆ? ಲಿಫ್ಟಿನಲ್ಲಿ ಸಿಕ್ಕವರೆಲ್ಲ ಬಗ್ಗಿ ಅವಳ ಮುಖಕ್ಕೆ ಮುಖ ತಂದು, ಮಾತಾಡು ಪುಟ್ಟಿ, ಹೆದರಬೇಡ ಪುಟ್ಟಿ ಎನ್ನುವವರೇ. ಒಬ್ಬರು ಚಾಕಲೇಟು ತೋರಿಸಿದರು, ಒಬ್ಬರು ಪೊಲೀಸರನ್ನು ತೋರಿಸಿದರು. ಐದನೇ ಮಹಡಿಯ ಆಂಟಿಯೊಬ್ಬರು ಕೆಜಿ ಇಂಟರ್‌ವ್ಯೂಗೆಂದೇ ಟ್ಯೂಷನ್ ಕೊಡುತ್ತಿದ್ದರು. ನಾನು ಅಲ್ಲಿಗೆ ಸೇರಿಸಲು ಹೊರಟಾಗ ಭಾವ ಮೆಟ್ಟಿಲ ಮೇಲೆಯೇ ತಡೆದರು.

"ನಾಲ್ಕು ತಿಂಗಳು ಈ ಕೂಸಿಗೆ ಯಾರೂ ಮಾತಾಡು ಅನಬ್ಯಾಡ್ರಿ. ಹೆದರಬ್ಯಾಡ ಅಂತನೂ ಅನಬ್ಯಾಡ್ರಿ. ಹಂಗಂದ್ರ ಹೆದರಿಕಿ ಹೋಗ್ತದೇನು? ಅದಕ್ಕ ಕನ್ನಡ ತಿಳಿಯಂಗಿಲ್ಲ," ಎಂದರು.

ಮತ್ತೆ ಸೀಟು? ಸೀಟು ಹೋದರೆ ನಾವು ಮೈಸೂರಿಗೆ ಗಂಟು ಕಟ್ಟಬೇಕು ಭಾವ, ಅದರ ಹೊಣೆ ನೀವು ಹೊರುತ್ತೀರಾ ಎಂದು ನಾನು ಸಿಟ್ಟಿನಲ್ಲೇ ಕೇಳಿದೆ. ಅವರು, "ಹೊರ್ತೀನಿ. ಒಳಗ ಏನು ನಡದದ ಅಂತ ಅಕಿಗೆ ಗೊತ್ತಾಗಲಿ. ಮಾತು ತಾನಾಗೇ ಬರ್ತದ," ಎಂದರು. ಮೇಲೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅಕ್ಕ, ಇವರು ಹೊರುತ್ತೇನೆಂದ ಅಕ್ಕಿಮೂಟೆ ಇನ್ನೂ ಕಾರಿನಲ್ಲೇ ಇದೆ ಎಂದು ನನಗೆ ನೆನಪಿಸಿದಳು.

ಹೀಗೆ ಶುರುವಾಯಿತು, ಅಲ್ಲಿನ ವಾರದ ರಜೆಯಾದ ಶುಕ್ರವಾರದ ಕ್ಲಾಸು. ನನ್ನ ಮಗಳೊಬ್ಬಳನ್ನೇ ಕೂರಿಸಿದರೆ ಅವಳಿಗೆ ಮುಜುಗರವೆಂದು ಬಿಲ್ಡಿಂಗಿನ ಕನ್ನಡದ ಮಕ್ಕಳನ್ನೆಲ್ಲ ಅಕ್ಕನ ಹಾಲಿನಲ್ಲಿ ಸೇರಿಸಿದರು. ಅಮ್ಮಂದಿರು ಶ್ಲೋಕದ ಕ್ಲಾಸೆಂದು ತಿಳಿದು ಮಕ್ಕಳ ಹಣೆಗೆ ಕುಂಕುಮ ಹಚ್ಚಿ, ತಲೆ ಬಾಚಿ ಕಳಿಸಿದ್ದರು. ಭಾವ ಪ್ರತಿಯೊಬ್ಬರ ಅಂಗೈಯಲ್ಲೂ ಒಂದು ಖರ್ಜೂರವಿಟ್ಟರು. ತಿನ್ನುವ ಹಾಗಿಲ್ಲ. ಮೊದಲು ನೋಡಬೇಕು. ಆಮೇಲೆ ಮುಟ್ಟಬೇಕು, ಮೂಸಬೇಕು. ಅದನ್ನು ನೋಡುವಾಗ ಬಾಯಲ್ಲಿ ಏನಾಗುತ್ತದೆ, ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಗಮನಿಸಬೇಕು. ನಂತರ ಬಾಯಲ್ಲಿಟ್ಟುಕೊಂಡು ಅಗಿಯದೆ ಕೂರಬೇಕು. ಒಂದು ಖರ್ಜೂರಕ್ಕೆ ಅರ್ಧ ಗಂಟೆ!

ಅಡಿಗೆಮನೆಯಿಂದ ನೋಡುತ್ತಿದ್ದ ಅಕ್ಕ ಹಣೆ ಚಚ್ಚಿಕೊಂಡಳು. "ಅಲ್ಲ ಕಣೇ, ಹಲ್ಲಿನ ಡಾಕ್ಟರಾಗಿ ಮಕ್ಕಳ ಬಾಯಲ್ಲಿ ಅರ್ಧ ಗಂಟೆ ಸಿಹಿ ಇಡಿಸ್ತಾರಲ್ಲ, ಕ್ಲಿನಿಕ್ಕಿಗೆ ಪೇಷಂಟ್ ಸಾಕಾಗ್ಲಿಲ್ಲ ಅಂತಾನಾ?"

ಮೂರನೇ ಮಹಡಿಯ ಹುಡುಗ ಅಷ್ಟರಲ್ಲಿ ತನ್ನ ಖರ್ಜೂರವನ್ನು ಬೀಜದ ಸಮೇತ ನುಂಗಿ ಕೂತಿದ್ದ. ಭಾವ ಬೈಯಲಿಲ್ಲ. ಈಗ ಒಳಗೆ ಏನನ್ನಿಸುತ್ತಿದೆ ಎಂದು ಕೇಳಿದರು. ಇನ್ನೊಂದು ಬೇಕು ಅನ್ನಿಸುತ್ತಿದೆ ಅಂಕಲ್ ಎಂದ. ಭಾವ ಅವನ ಬೆನ್ನು ತಟ್ಟಿ, ಇದಕ್ಕೆ ಆಸೆ ಎನ್ನುತ್ತಾರೆ, ಕಂಡುಹಿಡಿದುಬಿಟ್ಟೆಯಲ್ಲ ಎಂದು ಅವನಿಗೇ ಮೊದಲನೇ ಬಹುಮಾನ ಕೊಟ್ಟರು. ಬಹುಮಾನ ಏನೆಂದಿರಿ? ಇನ್ನೊಂದು ಖರ್ಜೂರ! ಅದನ್ನು ನೋಡಿ ಉಳಿದವರೂ ಬಾಯಲ್ಲಿದ್ದದ್ದನ್ನು ಗುಳುಂ ಮಾಡಿದರು. ಒಬ್ಬಳು ಮಾತ್ರ 'ಅಂಕಲ್, ಐ ಆಮ್ ಬೋರ್ಡ್' ಎಂದಳು. ಬೇಜಾರು ಎಲ್ಲಿ ಕೂತಿದೆ ಎಂದರೆ 'ಇನ್ ಮೈ ಲೆಗ್ಸ್' ಅಂತೆ. ಎಷ್ಟು ನಿಜ ನೋಡಿ! ನನಗಂತೂ ಯಾವ ಮದುವೆಯ ಭಾಷಣ ಕೇಳುವಾಗಲೂ ಬೇಜಾರು ಮೊದಲು ಕಾಲಿಗೇ ಬರುತ್ತದೆ.

ಇನ್ನೊಂದು ಶುಕ್ರವಾರ ಕೋಪದ ಪಾಠ. ಕೋಪ ಬರುವುದು ತಪ್ಪಲ್ಲ, ಆದರೆ ಅದು ವಿಸಿಟ್ ವೀಸಾದ ಮೇಲೆ ಬಂದಿರುತ್ತದೆ, ಅವಧಿ ಮುಗಿದ ಮೇಲೆ ತಾನೇ ಹೋಗುತ್ತದೆ, ಅದನ್ನು ಸುಮ್ಮನೆ ನೋಡುತ್ತಿದ್ದರೆ ಸಾಕು ಎಂದರು ಭಾವ. ಗಲ್ಫಿನ ಮಕ್ಕಳಿಗೆ ವೀಸಾದ ವಿಷಯ ಬಿಡಿಸಿ ಹೇಳಬೇಕೆ? ಅಳುವಿಗೂ ವಿಸಿಟ್ಟೇ, ನಗುವಿಗೂ ವಿಸಿಟ್ಟೇ ಎಂದು ತಾವೇ ಪಟ್ಟಾಗಿ ಚರ್ಚೆ ಮಾಡಿ ತೀರ್ಮಾನಿಸಿದವು. ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಇದನ್ನು ಕೇಳಿ, ತಮ್ಮ ಆಫೀಸಿನ ಮ್ಯಾನೇಜರನ ಕೋಪಕ್ಕೆ ಮಾತ್ರ ರೆಸಿಡೆನ್ಸ್ ವೀಸಾ ಇದೆ, ವರ್ಷ ವರ್ಷ ರಿನ್ಯೂ ಆಗುತ್ತಿದೆ ಎಂದರು.

ಇಷ್ಟಾದರೆ ಸಹಿಸಬಹುದಿತ್ತು. ಆದರೆ ಈ ಮಕ್ಕಳು ಕಲಿತದ್ದನ್ನು ಮನೆಮನೆಯಲ್ಲಿ ಪ್ರಯೋಗ ಮಾಡತೊಡಗಿದವು. ಹೋಂವರ್ಕ್ ಮಾಡು ಎಂದು ಅಮ್ಮ ಕೂಗಿದರೆ, ಅಮ್ಮಾ, ನಿನ್ನ ಕೋಪ ಈಗ ಕತ್ತಿನ ತನಕ ಬಂದಿದೆ ಎಂದು ವರದಿ ಒಪ್ಪಿಸುವುದು! ಬಂದ ಕೋಪವನ್ನು ನೆಮ್ಮದಿಯಾಗಿ ತೋರಿಸುವ ಹಕ್ಕೂ ಬಿಲ್ಡಿಂಗಿನ ತಾಯಂದಿರಿಗೆ ಇಲ್ಲದಾಯಿತು.

ಮೂರನೇ ಮಹಡಿಯಲ್ಲಿ ನಡೆದದ್ದು ಇನ್ನೂ ಚೆನ್ನಾಗಿದೆ. ಆ ಹುಡುಗನ ಅಪ್ಪ ತಮ್ಮ ಬಾಸನ್ನು ಊಟಕ್ಕೆ ಕರೆದಿದ್ದರು. ನಮ್ಮನ್ನೂ ಕರೆದಿದ್ದರು. ಆ ಬಾಸು ಮುಂಬೈಯವರು, ಆಫೀಸಿನಲ್ಲಿ ಬರೀ ಇಂಗ್ಲಿಷು. ಅವರು ಒಂದು ಸವಕಲು ಜೋಕು ಹೇಳಿದರು. ಹುಡುಗನ ಅಪ್ಪ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಹುಡುಗ ಅಪ್ಪನನ್ನೇ ಗಮನವಿಟ್ಟು ನೋಡಿ ಕನ್ನಡದಲ್ಲಿ ಹೇಳಿದ, "ಅಪ್ಪಾ, ನಿಮಗೆ ನಗು ಬಾಯಲ್ಲಿ ಮಾತ್ರ ಬಂದಿದೆ. ಹೊಟ್ಟೇಲಿ ಬಂದಿಲ್ಲ."

ಬಾಸಿಗೆ ಕನ್ನಡ ತಿಳಿಯದು ಎಂಬ ಧೈರ್ಯದಲ್ಲಿ ನಾವೆಲ್ಲ ಉಸಿರು ಬಿಡುವಷ್ಟರಲ್ಲಿ ಆ ಮಹಾಶಯರು ತಟ್ಟೆಯಿಂದ ತಲೆಯೆತ್ತಿ, "ಇರ್ಲಿ ಮಾರಾಯ, ನನ್ನ ಜೋಕಿಗೆ ಹೊಟ್ಟೆಯಿಂದ ನಕ್ಕವರು ಇಷ್ಟರವರೆಗೆ ಒಬ್ಬರೂ ಸಿಕ್ಕಲಿಲ್ಲ," ಎಂದರು. ಮುಂಬೈಯಲ್ಲಿ ಹೋಟೆಲಿಟ್ಟ ಉಡುಪಿಯ ಕಡೆಯವರ ಮಗನಂತೆ! ಆಮೇಲೆ ಅವರಿಗೆ ಹೊಟ್ಟೆಯಿಂದಲೇ ನಗು ಬಂತು, ನಮಗೂ ಬಂತು. ಹುಡುಗನ ಅಪ್ಪನಿಗೆ ಮಾತ್ರ ಬರಲಿಲ್ಲ. ಮುಂದಿನ ಶುಕ್ರವಾರ ಹುಡುಗನನ್ನು ಕ್ಲಾಸಿಗೆ ಕಳಿಸಲೂ ಇಲ್ಲ.

ನಗುವುದೆಲ್ಲ ಸರಿ, ನನ್ನ ಮಗಳ ಕತೆ ಏನಾಯಿತು? ಏನೂ ಆಗಲಿಲ್ಲ! ಕ್ಲಾಸಿನಲ್ಲಿ ಅವಳು ಸುಮ್ಮನೆ ಕೂತು ಹೊಟ್ಟೆ ಮುಟ್ಟಿ ತೋರಿಸುತ್ತಿದ್ದಳು. ಭಾವ ಅಷ್ಟಕ್ಕೇ ಸಂತೋಷಪಡುತ್ತಿದ್ದರು. ಇವತ್ತು ಎಷ್ಟು ದೊಡ್ಡದಿದೆ ಎಂದರೆ ಅವಳು ಕೈ ಅಗಲಿಸಿ ತೋರಿಸುವಳು, ಕಲ್ಲಂಗಡಿಯಷ್ಟು. ಇನ್ನೊಂದು ದಿನ ಕಿತ್ತಳೆಯಷ್ಟು. ಸ್ಕೂಲಿನಲ್ಲಿ ಮಾತ್ರ ಅದೇ ಮೌನ. ಫೆಬ್ರವರಿ ಬಂತು. ಐದನೇ ಮಹಡಿಯ ಆಂಟಿಯ ಟ್ಯೂಷನ್ನಿನ ಮಕ್ಕಳು ಲಿಫ್ಟಿನಲ್ಲಿ ಹಣ್ಣುಗಳ ಹೆಸರನ್ನು, ವಾರಗಳ ಹೆಸರನ್ನು ಪಟಪಟನೆ ಉದುರಿಸುತ್ತಿದ್ದವು. ಅದನ್ನು ಕೇಳಿದಾಗಲೆಲ್ಲ ನಾನು ಮಾರ್ಚಿಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸುತ್ತಿದ್ದೆ. ಒಂದು ದಿನ ತಡೆಯಲಾರದೆ ಭಾವನವರ ಮುಂದೆ ಹೋಗಿ, ನಿಮ್ಮ ಕಲ್ಲಂಗಡಿ ಕಿತ್ತಳೆ ಲೆಕ್ಕ ಹಿಡಿದುಕೊಂಡು ನಾನು ಸೂಪರ್‌ವೈಸರ್ ಹತ್ತಿರ ಹೋಗಲೇ ಎಂದು ಕೂಗಾಡಿದೆ. ನಿನ್ನ ಭಯ ಎಲ್ಲಿ ಕೂತಿದೆ ಎಂದು ನನ್ನನ್ನೂ ಕೇಳಿಬಿಡುತ್ತಾರೇನೋ ಎಂದು ನಾನೇ ಎದ್ದು ಬಂದೆ. ಕೇಳಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಮಾರ್ಚಿನ ಆ ದಿನ ನಮ್ಮವರಿಗೆ ರಜೆ ಸಿಗಲಿಲ್ಲ. ಭಾವ ಕ್ಲಿನಿಕ್ಕಿಗೆ ತಡವಾಗಿ ಬರುತ್ತೇನೆಂದು ಹೇಳಿ ನಮ್ಮನ್ನು ತಮ್ಮ ಹಳೆಯ ಕಾರಿನಲ್ಲಿ ಕರೆದೊಯ್ದರು. ಒಳಗೆ ತಂದೆ ತಾಯಿಗೆ ಮಾತ್ರ ಪ್ರವೇಶವಾದ್ದರಿಂದ ಅವರು ಗೇಟಿನ ಹೊರಗೆ ಬಿಸಿಲಲ್ಲೇ ನಿಂತರು.

ಸೂಪರ್‌ವೈಸರ್ ಕೇರಳದವರು, ಗಂಜಿ ಹಾಕಿದ ಸೀರೆಯ ಹಾಗೆ ಖಡಕ್ಕಾಗಿದ್ದರು. ಹೆಸರು ಕೇಳಿದರು. ಮಗಳು ಸುಮ್ಮನೆ ಕೂತಳು. ಸೇಬಿನ ಚಿತ್ರ ತೋರಿಸಿದರು. ಸುಮ್ಮನೆ. ಕೆಂಪು ಬಣ್ಣ ತೋರಿಸಿದರು, ಹಸಿರು ತೋರಿಸಿದರು, ಬೆಕ್ಕು ತೋರಿಸಿದರು. ಬೆಕ್ಕನ್ನು ಕಂಡರೆ ಮನೆಯಲ್ಲಿ ಅರ್ಧ ಗಂಟೆ ಕತೆ ಹೇಳುವವಳು! ಸೂಪರ್‌ವೈಸರ್ ಚಿತ್ರಗಳನ್ನು ಜೋಡಿಸಿ ಒಂದು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು. ಆ ತಿರುಗುವಿಕೆಯಲ್ಲೇ ನಮ್ಮ ಮೈಸೂರಿನ ಟಿಕೆಟ್ಟು ನನಗೆ ಕಾಣಿಸಿತು. ಮಾತಾಡೇ ಎಂದು ಮಗಳ ಭುಜ ಹಿಡಿದು ಅಲ್ಲಾಡಿಸಬೇಕೆನಿಸಿತು. ಕೈಯನ್ನು ಹೇಗೋ ಮಡಿಲಲ್ಲೇ ಹಿಡಿದಿಟ್ಟುಕೊಂಡೆ.

ಆಗ ಮಗಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. ಅಲ್ಲಿಂದ ಎದೆಗೆ, ಎದೆಯಿಂದ ಗಂಟಲಿಗೆ ಕೈಯನ್ನು ನಿಧಾನವಾಗಿ ತಂದಳು. ಸೂಪರ್‌ವೈಸರ್ ಮುಖವನ್ನೇ ನೋಡುತ್ತಾ ಅಚ್ಚ ಕನ್ನಡದಲ್ಲಿ ಹೇಳಿದಳು.

"ನಂಗೆ ಭಯ ಆಗ್ತಿದೆ. ಮೊದ್ಲು ಇಲ್ಲಿತ್ತು, ಈಗ ಇಲ್ಲಿಗೆ ಬಂದಿದೆ. ಮಿಸ್‌ಗೂ ಕೋಪ ಬಂದಿದೆ, ಹಣೇಲಿ."

ಸ್ಕೂಲಿನ ಗೋಡೆಗಳ ನಡುವೆ ನನ್ನ ಮಗಳು ಆಡಿದ ಮೊದಲ ಮಾತು ಅದು. ಸೂಪರ್‌ವೈಸರ್, ಏನು ಹೇಳುತ್ತಿದ್ದಾಳೆ ಎಂದು ನನ್ನನ್ನು ಕೇಳಿದರು. 'ಗುಡ್ ಮಾರ್ನಿಂಗ್ ಹೇಳುತ್ತಿದ್ದಾಳೆ ಮೇಡಂ' ಎನ್ನುವ ಸುಳ್ಳು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು. ತನಗೆ ಭಯವಾಗಿದೆಯಂತೆ ಮೇಡಂ, ಅದು ಹೊಟ್ಟೆಯಿಂದ ಗಂಟಲಿಗೆ ಬಂದಿದೆಯಂತೆ ಎಂದು ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಮಿಸ್ಸಿನ ಹಣೆಯ ವಿಷಯವನ್ನು ಮಾತ್ರ ಸೀಟಿನ ಆಸೆಗೆ ನುಂಗಿಕೊಂಡೆ. ನಾನೇನು ಅಷ್ಟು ದೊಡ್ಡ ಸತ್ಯಸಂಧಳಲ್ಲ.

ಆ ಹೆಂಗಸು ಮೇಜಿನ ಆಚೆಯಿಂದ ಎದ್ದು ಬಂದು, ಮಗಳ ಮುಂದಿದ್ದ ಪುಟ್ಟ ಕುರ್ಚಿಯ ಮೇಲೆ ಕಷ್ಟಪಟ್ಟು ಕೂತು, ತಮ್ಮ ಗಂಟಲನ್ನು ಮುಟ್ಟಿ ತೋರಿಸುತ್ತಾ ಇಲ್ಲೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಮಗಳು ತಲೆಯಾಡಿಸಿ 'ಯೆಸ್ ಮಿಸ್' ಎಂದಳು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳೋ ಆ 'ಯೆಸ್ ಮಿಸ್' ಅನ್ನು! ಏಪ್ರಿಲ್‌ನಲ್ಲಿ ಕೆಜಿ ಟೂಗೆ ಕಳಿಸಿ ಎಂದರು ಸೂಪರ್‌ವೈಸರ್.

ಗೇಟಿನ ಹೊರಗೆ ಭಾವ ಬೆವೆತು ತೊಪ್ಪೆಯಾಗಿದ್ದರು. ನಾನು ಓಡಿಬಂದು ಹೇಳಿದೆ, ಮಾತಾಡಿದಳು ಭಾವ, ಸೀಟೂ ಸಿಕ್ಕಿತು. ಕುಣಿದಾಡುತ್ತಾರೆಂದುಕೊಂಡಿದ್ದೆ. ಹೌದೇನು ಎಂದಷ್ಟೇ ಹೇಳಿ ಕಾರಿನ ಬಾಗಿಲು ತೆಗೆದರು. ನನಗೆ ಸ್ವಲ್ಪ ಪಿಚ್ಚೆನಿಸಿತು. ಸಿಗ್ನಲ್ಲಿನಲ್ಲಿ ನಿಂತಾಗ ನೋಡುತ್ತೇನೆ, ದೀಪ ಹಸಿರಾದರೂ ಅವರು ಕಾರು ಬಿಡುತ್ತಿಲ್ಲ, ಹಿಂದಿನವರು ಹಾರ್ನು ಹೊಡೆಯುತ್ತಿದ್ದಾರೆ.

"ನನಗ ಭಾಳ ಅಂಜಿಕಿ ಆಗಿತ್ತು, ತಂಗಿ," ಎಂದರು ರಸ್ತೆಯನ್ನೇ ನೋಡುತ್ತಾ. "ನನ್ನ ಹುಚ್ಚಿನಾಗ ಈ ಕೂಸಿನ ಸೀಟು ಹೋಗಿ, ನೀವಿಬ್ಬರು ಊರಿಗೆ ಹೋಗೂ ಹಂಗಾದ್ರ ಹೆಂಗ ಅಂತ. ನಾಲ್ಕು ತಿಂಗಳಾತು, ನೆಟ್ಟಗ ನಿದ್ದಿ ಮಾಡಿಲ್ಲ. ನಿಮ್ಮಕ್ಕಗೂ ಹೇಳಿಲ್ಲ."

ಅಬುಧಾಬಿಯ ಮಕ್ಕಳೆಲ್ಲರ ಭಯಕ್ಕೆ ಜಾಗ ಮಾಡಿಕೊಟ್ಟ ಮನುಷ್ಯ ತಮ್ಮದನ್ನು ಯಾರ ಮುಂದೂ ಇಳಿಸದೆ ಒಬ್ಬರೇ ಹೊತ್ತುಕೊಂಡು ಓಡಾಡಿದ್ದರು. ಹೊಣೆ ಹೊರುತ್ತೀರಾ ಎಂದು ಅಬ್ಬರಿಸಿ ಕೇಳಿದ್ದ ನನಗೆ ಅದು ಒಂದು ದಿನವೂ ಹೊಳೆದಿರಲಿಲ್ಲ.

ಹಿಂದಿನ ಸೀಟಿನಲ್ಲಿದ್ದ ಮಗಳು ಎದ್ದು ನಿಂತಳು. "ಎಲ್ಲಿ ಆಗಿತ್ತು ದೊಡ್ಡಪ್ಪ?" ಎಂದಳು.

ಭಾವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು, ಅಲ್ಲವೆಂದು ತೆಗೆದರು. ಎದೆಯ ಮೇಲಿಟ್ಟುಕೊಂಡರು, ಅಲ್ಲಿಂದಲೂ ತೆಗೆದರು. ಕೊನೆಗೆ, "ಎಲ್ಲಾ ಕಡೆ ಅದ ನನ್ನವ್ವ," ಎಂದರು.

ಎಲ್ಲಾ ಕಡೆ ಎಂದರೆ ಅವಳಾದರೂ ಏನು ಮಾಡಿಯಾಳು? ಸ್ವಲ್ಪ ಯೋಚಿಸಿದಳು. ಸೀಟಿನ ಹಿಂದಿನಿಂದ ಅವಳ ಪುಟ್ಟ ಕೈಗಳಿಗೆ ಎಟುಕುತ್ತಿದ್ದದ್ದು ಅವರ ಎರಡು ಕಿವಿಗಳು ಮಾತ್ರ. ಅವನ್ನೇ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಎಲೆಕ್ಟ್ರಾ ಸ್ಟ್ರೀಟು ಬರುವವರೆಗೂ ಅವಳು ಬಿಡಲಿಲ್ಲ, ಅವರು ಬಿಡಿಸಿಕೊಳ್ಳಲೂ ಇಲ್ಲ.